ಮೇಲ್ ಸರ್ವರಿನ ಟಿಎಲ್‌ಎಸ್ ಕೈಕೊಟ್ಟಾಗ: ಎಲ್ಲಿ ನೋಡುವುದು, ಏನನ್ನು ಮುಟ್ಟುವುದು

ಸೋಮವಾರ ಬೆಳಿಗ್ಗೆ ಹಂಪನಕಟ್ಟೆಯ ಯಾವುದಾದರೂ ಆಫೀಸಿನಿಂದ ಬರುವ ಫೋನು ಹೆಚ್ಚುಕಮ್ಮಿ ಹೀಗೇ ಇರುತ್ತದೆ: "ಶನಿವಾರದವರೆಗೆ ಸರಿ ಇತ್ತು ಮಾರಾಯ್ರೇ, ಇವತ್ತು ಮೇಲ್ ಹೋಗುವುದೇ ಇಲ್ಲ. ಏನೋ ಸೆಕ್ಯೂರ್ ಕನೆಕ್ಷನ್ ಅಂತ ಬರ್ತದೆ." ಈ ಮಾತಿನಲ್ಲಿ ರೋಗದ ಹೆಸರಿಲ್ಲ, ಜ್ವರ ಉಂಟು ಅಂತ ಮಾತ್ರ ಗೊತ್ತಾಗುತ್ತದೆ. ಔಟ್‌ಲುಕ್ ಅಥವಾ ಫೋನಿನ ಮೇಲ್ ಆ್ಯಪ್ ತೋರಿಸುವ ಸಂದೇಶವೂ ಅಷ್ಟೇ. ಅದನ್ನು ನಂಬಿ ಕಾನ್ಫಿಗ್ ಫೈಲ್ ತೆರೆದವರು ಸರಿ ಇದ್ದ ನಾಲ್ಕು ಸಾಲನ್ನೂ ಕೆಡಿಸಿ ಕೂರುತ್ತಾರೆ.

ಟಿಎಲ್‌ಎಸ್ ಎಂದರೆ ಸರ್ವರಿನ ಜೊತೆಗಿನ ಮಾತನ್ನು ಬೇರೆಯವರು ಓದದ ಹಾಗೆ ಗುಟ್ಟಾಗಿಡುವ ವ್ಯವಸ್ಥೆ, ಸರ್ಟಿಫಿಕೇಟ್ ಎಂದರೆ ಸರ್ವರ್ ತಾನು ಯಾರೆಂದು ತೋರಿಸುವ ಗುರುತಿನ ಚೀಟಿ. ಇಲ್ಲಿ ಹೇಳುವುದು ಲಿನಕ್ಸ್ ಮೇಲೆ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಎಂಬ ಮೇಲ್ ಪ್ರೋಗ್ರಾಂಗಳನ್ನು ಓಡಿಸುವ ಸರ್ವರುಗಳ ಬಗ್ಗೆ. ಮಂಗಳೂರು, ಉಡುಪಿ ಕಡೆಯ ಸಹಕಾರಿ ಸಂಘ, ರಫ್ತು ಕಚೇರಿ, ಕಾಲೇಜುಗಳಲ್ಲಿ ಸ್ವಂತ ಸರ್ವರ್ ಇಟ್ಟುಕೊಂಡವರ ಹತ್ತಿರ ಈ ಜೋಡಿ ಸಾಕಷ್ಟು ಕಡೆ ಸಿಗುತ್ತದೆ. ಆದೇಶಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ಮೂರು ಪ್ರಶ್ನೆ

ಒಬ್ಬರಿಗೆ ಮಾತ್ರವೋ, ಎಲ್ಲರಿಗೂವೋ? ಒಬ್ಬರಿಗೆ ಮಾತ್ರ ಆದರೆ ಸರ್ವರ್ ಮುಟ್ಟಬೇಡಿ, ಆ ಕಂಪ್ಯೂಟರ್ ನೋಡಿ. ಓದಲು ಆಗುವುದಿಲ್ಲವೋ, ಕಳಿಸಲು ಆಗುವುದಿಲ್ಲವೋ, ಹೊರಗಿನಿಂದ ಬರುವುದು ನಿಂತಿದೆಯೋ? ಓದುವುದು ಡವ್‌ಕಾಟ್ ಕೆಲಸ, ಉಳಿದೆರಡು ಪೋಸ್ಟ್‌ಫಿಕ್ಸ್ ಕೆಲಸ. ಮೂರನೆಯದು, ಆಫೀಸಿನ ವೈಫೈಯಲ್ಲಿ ಆಗಿ ಮೊಬೈಲ್ ಡೇಟಾದಲ್ಲಿ ಆಗುವುದಿಲ್ಲವೋ? ಹಾಗಿದ್ದರೆ ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಬಗೆ) ಕಡೆಗೆ ಸಂಶಯ ಪಡಿ. ಮೊಬೈಲ್ ಜಾಲಗಳು ಐಪಿವಿ6 ಇದ್ದರೆ ಅದನ್ನೇ ಹಿಡಿಯುತ್ತವೆ. ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಹಳೆಯ ಬಗೆಯ ವಿಳಾಸದ ಎ ದಾಖಲೆ ಹೊಸ ಸರ್ವರಿಗೆ ತಿರುಗಿಸಿ, ಐಪಿವಿ6 ವಿಳಾಸದ, ನಾಲ್ಕು ಎ ಇರುವ ದಾಖಲೆಯನ್ನು ಹಳೆಯ ಸರ್ವರಿನ ಮೇಲೇ ಬಿಟ್ಟರೆ ಆಫೀಸಿನವರು ಹೊಸ ಸರ್ಟಿಫಿಕೇಟ್ ಕಾಣುತ್ತಾರೆ, ಬಸ್ಸಿನಲ್ಲಿ ಕೂತವರು ಹಳೆಯದನ್ನು ಕಾಣುತ್ತಾರೆ.

ಪೋರ್ಟ್ ಮತ್ತು ಮಾತಿನ ರೀತಿ

ಮೇಲ್ ಸರ್ವರಿನ ಜೊತೆ ಗುಟ್ಟಾಗಿ ಮಾತಾಡುವುದು ಎರಡು ಬಗೆ. ಪೋರ್ಟ್ ಎಂದರೆ ಸರ್ವರಿನ ನಂಬರು ಹಾಕಿದ ಬಾಗಿಲು. ಪೋರ್ಟ್ 465, 993, 995ರಲ್ಲಿ ಮೊದಲ ಬೈಟಿನಿಂದಲೇ ಟಿಎಲ್‌ಎಸ್. ಪೋರ್ಟ್ 25, 587, 143, 110ರಲ್ಲಿ ಮೊದಲು ತೆರೆದ ಮಾತು, ಆಮೇಲೆ ಸ್ಟಾರ್ಟ್‌ಟಿಎಲ್‌ಎಸ್ ಎಂದು ಹೇಳಿ ಗುಟ್ಟಿಗೆ ತಿರುಗುವುದು. ಔಟ್‌ಲುಕ್ ಮೊದಲನೆಯದನ್ನು "ಎಸ್‌ಎಸ್‌ಎಲ್/ಟಿಎಲ್‌ಎಸ್" ಎಂದೂ ಎರಡನೆಯದನ್ನು "ಸ್ಟಾರ್ಟ್‌ಟಿಎಲ್‌ಎಸ್" ಎಂದೂ ತೋರಿಸುತ್ತದೆ. ಪೋರ್ಟ್ ಒಂದು ಬಗೆಯದು, ಆಯ್ಕೆ ಇನ್ನೊಂದು ಬಗೆಯದು ಆದರೆ ಸಂಪರ್ಕ ಬೀಳುತ್ತದೆ. ಬೀಳುವ ರೀತಿಯಲ್ಲೇ ಯಾವ ತಪ್ಪು ಎಂದು ಗೊತ್ತಾಗುವುದು ಇಲ್ಲಿಯ ಚಂದ.

587ಕ್ಕೆ ನೇರ ಟಿಎಲ್‌ಎಸ್‌ನಲ್ಲಿ ಹೋದರೆ "ರಾಂಗ್ ವರ್ಷನ್ ನಂಬರ್" ಎಂಬ ದೋಷ ಬರುತ್ತದೆ. ಇದನ್ನು ನೋಡಿ ಟಿಎಲ್‌ಎಸ್ ಆವೃತ್ತಿ ಹಳೆಯದಾಯಿತು ಎಂದು ಪ್ರೋಟೊಕಾಲ್ ಸಾಲು ತಿದ್ದುವವರು ಬಹಳ. ಆವೃತ್ತಿಗೂ ಇದಕ್ಕೂ ಸಂಬಂಧವಿಲ್ಲ. ಸರ್ವರ್ ವಾಡಿಕೆಯಂತೆ "220" ಎಂದು ನಮಸ್ಕಾರ ಹೇಳಿದೆ. ಆ ಕಡೆಯವನು, ಅಂದರೆ ಕ್ಲೈಂಟ್ (ಮೇಲ್ ಆ್ಯಪ್), ಅದನ್ನು ಟಿಎಲ್‌ಎಸ್ ದಾಖಲೆ ಎಂದೇ ಓದುತ್ತಾನೆ. ಟಿಎಲ್‌ಎಸ್ ದಾಖಲೆಯಲ್ಲಿ ಮೊದಲ ಬೈಟ್ ಬಗೆಯನ್ನು, ಮುಂದಿನ ಎರಡು ಬೈಟ್ ಆವೃತ್ತಿಯನ್ನು ಹೇಳುತ್ತವೆ. "220"ರ ಎರಡನೆಯ ಮತ್ತು ಮೂರನೆಯ ಅಕ್ಷರಗಳಾದ 2 ಮತ್ತು 0 ಅವನಿಗೆ ಆವೃತ್ತಿಯಾಗಿ ಕಾಣುತ್ತವೆ. ಅಂಥ ಆವೃತ್ತಿ ಲೋಕದಲ್ಲೇ ಇಲ್ಲ, ಹಾಗಾಗಿ ಬೈಯುತ್ತಾನೆ.

ತಿರುವುಮುರುವು ಆದರೆ, ಅಂದರೆ 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಆಯ್ಕೆ ಹಾಕಿದರೆ, ದೋಷವೇ ಬರುವುದಿಲ್ಲ. ಕ್ಲೈಂಟ್ 220ಕ್ಕಾಗಿ ಕಾಯುತ್ತದೆ, ಸರ್ವರ್ ಟಿಎಲ್‌ಎಸ್‌ನ ಮೊದಲ ಮಾತಿಗಾಗಿ ಕಾಯುತ್ತದೆ. ಇಬ್ಬರೂ ಸುಮ್ಮನೆ ಕೂತು ಕೊನೆಗೆ ಟೈಮ್‌ಔಟ್. ಇದನ್ನು ಫೈರ್‌ವಾಲ್ ತೊಂದರೆ ಎಂದು ತಿಳಿದು ರೂಟರ್ ಬಿಚ್ಚಿದವರೂ ಇದ್ದಾರೆ.

ಸರ್ವರ್ ಕಡೆಯ ತಪ್ಪು ಸಾಮಾನ್ಯವಾಗಿ ಪೋಸ್ಟ್‌ಫಿಕ್ಸಿನ ಮಾಸ್ಟರ್.ಸಿಎಫ್ ಫೈಲಿನಲ್ಲಿ ಇರುತ್ತದೆ. 587ರ ಸಬ್‌ಮಿಷನ್ ಸೇವೆಯ ಕೆಳಗೆ ಎಸ್‌ಎಮ್‌ಟಿಪಿಡಿ_ಟಿಎಲ್‌ಎಸ್_ಸೆಕ್ಯೂರಿಟಿ_ಲೆವೆಲ್=ಎನ್‌ಕ್ರಿಪ್ಟ್ ಇರಬೇಕು. 465ರ ಸೇವೆಯ ಕೆಳಗೆ ಎಸ್‌ಎಮ್‌ಟಿಪಿಡಿ_ಟಿಎಲ್‌ಎಸ್_ವ್ರ್ಯಾಪರ್‌ಮೋಡ್=ಯೆಸ್ ಇರಬೇಕು. ಹಲವು ಕಡೆ ಈ ಸಾಲುಗಳ ಮುಂದೆ # ಚಿಹ್ನೆ ಇರುತ್ತದೆ. ಸೇವೆಯ ಮುಖ್ಯ ಸಾಲಿನ # ತೆಗೆದು ಕೆಳಗಿನ ಸಾಲುಗಳದ್ದನ್ನು ಮರೆತರೆ 465 ತೆರೆಯುತ್ತದೆ, ಆದರೆ ತೆರೆದ ಮಾತೇ ಆಡುತ್ತದೆ. ಇನ್ನೆರಡು ಸಣ್ಣ ವಿಷಯ: ಈ ಕೆಳಗಿನ ಸಾಲುಗಳು ಖಾಲಿ ಜಾಗದಿಂದಲೇ ಆರಂಭವಾಗಬೇಕು, ಇಲ್ಲವಾದರೆ ಪೋಸ್ಟ್‌ಫಿಕ್ಸ್ ಅದನ್ನು ಹೊಸ ಸೇವೆ ಎಂದುಕೊಳ್ಳುತ್ತದೆ. ಮತ್ತೆ -ಓ ಬಳಸಿದ ಕಡೆ = ಚಿಹ್ನೆಯ ಆಚೆ ಈಚೆ ಜಾಗ ಬಿಡಬಾರದು. ಮೇನ್.ಸಿಎಫ್‌ನಲ್ಲಿ ಜಾಗ ಬಿಟ್ಟರೆ ನಡೆಯುತ್ತದೆ, ಹಾಗಾಗಿ ಅಲ್ಲಿಂದ ಕಾಪಿ ಮಾಡಿದವರು ಇಲ್ಲಿ ಎಡವುತ್ತಾರೆ.

ಹೊಸದಾಗಿ ಹಾಕುವವರು 465 ಆರಿಸಿಕೊಳ್ಳಿ. ಇಂಟರ್ನೆಟ್ ನಿಯಮಗಳ ದಾಖಲೆಯಾದ 2018ರ ಆರ್‌ಎಫ್‌ಸಿ 8314 ಹೇಳುವುದೂ ಅದನ್ನೇ: ಬಳಕೆದಾರರ ಮೇಲ್ ಆ್ಯಪ್‌ಗೆ ಮೊದಲ ಬೈಟಿನಿಂದ ಟಿಎಲ್‌ಎಸ್ ಇರುವ ಪೋರ್ಟೇ ಒಳ್ಳೆಯದು.

ಸರ್ವರಿನ ಜೊತೆ ನೇರ ಮಾತು

ಪೋರ್ಟ್ ಸರಿ ಇದೆ ಎಂದಾದ ಮೇಲೆ ಟಿಎಲ್‌ಎಸ್ ಪರೀಕ್ಷಿಸಲು ಓಪನ್‌ಎಸ್‌ಎಸ್‌ಎಲ್ ಎಂಬ ಆದೇಶ ತೆಗೆಯಿರಿ. ಸರ್ವರಿನ ಒಳಗಿಂದಲ್ಲ, ಹೊರಗಿನ ಯಾವುದಾದರೂ ಕಂಪ್ಯೂಟರಿನಿಂದ:

ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್ -ಕನೆಕ್ಟ್ ಮೇಲ್.ಉದಾಹರಣೆ.ಇನ್:993 -ಸರ್ವರ್‌ನೇಮ್ ಮೇಲ್.ಉದಾಹರಣೆ.ಇನ್ -ವೆರಿಫೈ_ಹೋಸ್ಟ್‌ನೇಮ್ ಮೇಲ್.ಉದಾಹರಣೆ.ಇನ್

587 ಆದರೆ ಪೋರ್ಟ್ ಬದಲಿಸಿ ಕೊನೆಗೆ -ಸ್ಟಾರ್ಟ್‌ಟಿಎಲ್‌ಎಸ್ ಎಸ್‌ಎಮ್‌ಟಿಪಿ ಸೇರಿಸಿ. 143 ಆದರೆ ಎಸ್‌ಎಮ್‌ಟಿಪಿ ಬದಲು ಐಮ್ಯಾಪ್. ವೆರಿಫೈ_ಹೋಸ್ಟ್‌ನೇಮ್ ಬಿಡಬೇಡಿ. ಅದಿಲ್ಲದೆ ಓಪನ್‌ಎಸ್‌ಎಸ್‌ಎಲ್ ಹೆಸರನ್ನು ಹೋಲಿಸಿ ನೋಡುವುದೇ ಇಲ್ಲ; ಬೇರೆಯವರ ಸರ್ಟಿಫಿಕೇಟ್ ಇದ್ದರೂ "ಎಲ್ಲ ಸರಿ" ಎಂದು 0 ತೋರಿಸುತ್ತದೆ.

ಬರುವ ಉದ್ದ ಉತ್ತರದಲ್ಲಿ ನೋಡಬೇಕಾದದ್ದು ಎರಡೇ ಕಡೆ. ಕೊನೆಯ ಹತ್ತಿರ ಇರುವ ವೆರಿಫೈ ರಿಟರ್ನ್ ಕೋಡ್, ಮೇಲೆ ಇರುವ ಸರ್ಟಿಫಿಕೇಟ್ ಚೈನ್. ಕೋಡ್ 10 ಬಂದರೆ ಅವಧಿ ಮುಗಿದಿದೆ. 9 ಬಂದರೆ ಅವಧಿ ಇನ್ನೂ ಆರಂಭವಾಗಿಲ್ಲ, ಅಂದರೆ ನೀವು ಕೂತ ಕಂಪ್ಯೂಟರಿನ ಗಡಿಯಾರ ಹಿಂದೆ ಇರುವುದೇ ಹೆಚ್ಚು. 18 ಎಂದರೆ ಸ್ವಂತ ಸಹಿಯ ಸರ್ಟಿಫಿಕೇಟ್. ಪ್ಯಾಕೇಜ್ ಹಾಕುವಾಗ ತಾನಾಗಿ ಹುಟ್ಟಿದ್ದು ಇನ್ನೂ ಕೂತಿದೆ. 62 ಎಂದರೆ ಹೆಸರು ಹೊಂದುತ್ತಿಲ್ಲ. 20 ಮತ್ತು 21 ಬಂದರೆ ನಡುವಿನ ಸರ್ಟಿಫಿಕೇಟ್ ಇಲ್ಲ, ಇದೇ ಎಲ್ಲಕ್ಕಿಂತ ಜಾಸ್ತಿ ಜನರನ್ನು ಸತಾಯಿಸುವುದು.

ನಡುವಿನ ಕೊಂಡಿ

ಸರ್ಟಿಫಿಕೇಟ್ ಚೈನ್ ಕೆಳಗೆ 0 ಎಂದು ಒಂದೇ ಒಂದು ಇದ್ದರೆ ನಿಮ್ಮ ಸರ್ವರ್ ತನ್ನದನ್ನು ಮಾತ್ರ ಕೊಡುತ್ತಿದೆ, ಸಹಿ ಹಾಕಿದವರದ್ದನ್ನು ಕೊಡುತ್ತಿಲ್ಲ. 0 ಮತ್ತು 1 ಎರಡೂ ಕಾಣಬೇಕು. ಈ ತಪ್ಪಿನ ಗುರುತು ಹೀಗೆ: ಆಫೀಸಿನ ವಿಂಡೋಸ್‌ನ ಔಟ್‌ಲುಕ್‌ನಲ್ಲಿ ಎಲ್ಲ ಸರಿ, ಆಂಡ್ರಾಯ್ಡ್ ಫೋನಿನಲ್ಲಿ ಮಾತ್ರ ಆಗುವುದಿಲ್ಲ. ವಿಂಡೋಸ್ ಕಾಣೆಯಾದ ಕೊಂಡಿಯನ್ನು ತಾನೇ ಇಂಟರ್ನೆಟ್‌ನಿಂದ ತಂದುಕೊಳ್ಳುತ್ತದೆ, ಫೋನು ತಂದುಕೊಳ್ಳುವುದಿಲ್ಲ. ಹಾಗಾಗಿ "ನನ್ನಲ್ಲಿ ಆಗ್ತದೆ" ಎಂಬ ಅಕೌಂಟೆಂಟ್ ಮಾತಿಗೂ "ನನ್ನಲ್ಲಿ ಆಗುವುದಿಲ್ಲ" ಎಂಬ ಮ್ಯಾನೇಜರ್ ಮಾತಿಗೂ ಜಗಳವಿಲ್ಲ, ಎರಡೂ ನಿಜ.

ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಳಸುವವರು ಸರ್ಟ್.ಪೆಮ್ ಬದಲು ಫುಲ್‌ಚೈನ್.ಪೆಮ್ ತೋರಿಸಿದರೆ ಮುಗಿಯಿತು. ದುಡ್ಡು ಕೊಟ್ಟು ತಂದ ಸರ್ಟಿಫಿಕೇಟ್ ಆದರೆ ನೀವೇ ಜೋಡಿಸಬೇಕು: ಮೊದಲು ನಿಮ್ಮ ಸರ್ವರಿನದು, ಆಮೇಲೆ ನಡುವಿನದು. ಬೇರಿನ (ರೂಟ್) ಸರ್ಟಿಫಿಕೇಟ್ ಹಾಕುವ ಅಗತ್ಯವಿಲ್ಲ. ಜೋಡಿಸಿದ ಫೈಲನ್ನು ಕಣ್ಣಾರೆ ನೋಡಿ. ಮೊದಲ ಫೈಲಿನ ಕೊನೆಯಲ್ಲಿ ಎಂಟರ್ ಇಲ್ಲದಿದ್ದರೆ ಒಂದರ ಮುಗಿಯುವ ಸಾಲು ಮತ್ತು ಇನ್ನೊಂದರ ಆರಂಭದ ಸಾಲು ಅಂಟಿಕೊಂಡು ನಡುವೆ ಹತ್ತು ಅಡ್ಡಗೆರೆ ಒಟ್ಟಾಗಿ ನಿಲ್ಲುತ್ತವೆ. ಐದೈದು ಗೆರೆ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಒಂದು ಎಂಟರ್ ಹೊಡೆದರೆ ಸರಿ. ವಿಂಡೋಸ್‌ನಲ್ಲಿ ನೋಟ್‌ಪ್ಯಾಡಿನಿಂದ ಸೇವ್ ಮಾಡಿ ತಂದ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಬಿಒಎಮ್ ಗುರುತು ಕೂತಿದ್ದರೆ "ನೋ ಸ್ಟಾರ್ಟ್ ಲೈನ್" ಎಂಬ ದೋಷ ಬರುತ್ತದೆ.

ಕೀ (ಸರ್ಟಿಫಿಕೇಟ್‌ಗೆ ಜೊತೆಯಾದ ಗುಟ್ಟಿನ ಫೈಲ್) ಮತ್ತು ಸರ್ಟಿಫಿಕೇಟ್ ಜೋಡಿ ತಪ್ಪಿದರೆ ಲಾಗಿನಲ್ಲಿ "ಕೀ ವ್ಯಾಲ್ಯೂಸ್ ಮಿಸ್‌ಮ್ಯಾಚ್" ಎಂದಿರುತ್ತದೆ. ಕಳೆದ ವರ್ಷದ ಕೀ, ಈ ವರ್ಷದ ಸರ್ಟಿಫಿಕೇಟ್ ಆದಾಗ ಆಗುವುದು ಇದು. ಸರ್ಟಿಫಿಕೇಟ್‌ನಿಂದ ಎಕ್ಸ್509 -ನೋಔಟ್ -ಪಬ್‌ಕೀ ಬಳಸಿ, ಕೀಯಿಂದ ಪಿಕೀ -ಪಬ್‌ಔಟ್ ಬಳಸಿ ಸಾರ್ವಜನಿಕ ಕೀ ತೆಗೆಯಿರಿ. ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇರಬೇಕು. ಮಾಡ್ಯುಲಸ್ ಹೋಲಿಸುವ ಹಳೆಯ ಉಪಾಯ ಆರ್‌ಎಸ್‌ಎ ಎಂಬ ಹಳೆಯ ಬಗೆಯ ಕೀಗೆ ಮಾತ್ರ ಆಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ತರಿಸುವ ಸರ್ಟ್‌ಬಾಟ್ ಪ್ರೋಗ್ರಾಂನಲ್ಲಿ 2.0ರಿಂದ ಹೊಸ ಕೀಗಳು ಇಸಿಡಿಎಸ್‌ಎ ಎಂಬ ಬೇರೆ ಬಗೆಯವು, ಹಾಗಾಗಿ ಆ ಉಪಾಯ ಬಿಡಿ. ಪಾಸ್‌ವರ್ಡ್ ಹಾಕಿದ ಕೀಯನ್ನು ಪೋಸ್ಟ್‌ಫಿಕ್ಸ್ ಒಪ್ಪುವುದಿಲ್ಲ ಎಂಬುದೂ ನೆನಪಿರಲಿ.

ಕೀ ಓದಲು ಆಗದಿದ್ದಾಗ ಪೋಸ್ಟ್‌ಫಿಕ್ಸ್ ನಿಲ್ಲುವುದಿಲ್ಲ. ಲಾಗಿನಲ್ಲಿ "ಡಿಸೇಬ್ಲಿಂಗ್ ಟಿಎಲ್‌ಎಸ್ ಸಪೋರ್ಟ್" ಎಂದು ಬರೆದು ಟಿಎಲ್‌ಎಸ್ ಇಲ್ಲದೆ ಓಡುತ್ತದೆ. ಕ್ಲೈಂಟ್ ಸ್ಟಾರ್ಟ್‌ಟಿಎಲ್‌ಎಸ್ ಕೇಳಿದರೆ 454 ಎಂದು ಉತ್ತರ ಬರುತ್ತದೆ. ಟಿಎಲ್‌ಎಸ್ ಇಲ್ಲದೆ ಲಾಗಿನ್ ಬೇಡ ಎಂಬ ನಿಯಮ ಇದ್ದರೆ ಸರ್ವರ್ ಪಾಸ್‌ವರ್ಡ್ ಕೇಳುವುದೇ ಇಲ್ಲ. ಆಗ ಮೇಲ್ ಆ್ಯಪ್ ಪಾಸ್‌ವರ್ಡ್ ಪರೀಕ್ಷಿಸಿ ಎನ್ನುತ್ತದೆ. ಎಲ್ಲರ ಪಾಸ್‌ವರ್ಡ್ ಬದಲಿಸಿ ಅರ್ಧ ದಿನ ಕಳೆಯುವ ಮೊದಲು ಲಾಗ್ ನೋಡಿ: ಡೆಬಿಯನ್, ಉಬುಂಟು ಆದರೆ ವಾರ್ ಫೋಲ್ಡರಿನ ಲಾಗ್ ಒಳಗೆ ಮೇಲ್.ಲಾಗ್, ರೆಡ್‌ಹ್ಯಾಟ್ ಕುಟುಂಬದಲ್ಲಿ ಮೇಲ್‌ಲಾಗ್. ಎಸ್‌ಎಮ್‌ಟಿಪಿಡಿ_ಟಿಎಲ್‌ಎಸ್_ಲಾಗ್‌ಲೆವೆಲ್ = 1 ಸಾಕು. ಅದಕ್ಕಿಂತ ಮೇಲೆ ಹಾಕಿದರೆ ಲಾಗ್ ತುಂಬುತ್ತದೆ, ಬುದ್ಧಿ ತುಂಬುವುದಿಲ್ಲ.

ಡವ್‌ಕಾಟ್‌ನಲ್ಲಿ ಒಂದೇ ಒಂದು ಚಿಹ್ನೆಯ ಗೋಳು ಉಂಟು. 2.3ರವರೆಗೆ ಎಸ್‌ಎಸ್‌ಎಲ್_ಸರ್ಟ್ = ಬರೆದ ಮೇಲೆ ಫೈಲಿನ ದಾರಿಯ ಮುಂದೆ < ಇರಲೇಬೇಕು. ಇಲ್ಲದಿದ್ದರೆ ದಾರಿಯನ್ನೇ ಸರ್ಟಿಫಿಕೇಟ್ ಎಂದು ಓದಲು ನೋಡುತ್ತದೆ. 2025ರಲ್ಲಿ ಬಂದ 2.4ರಲ್ಲಿ ಸಾಲಿನ ಹೆಸರೇ ಎಸ್‌ಎಸ್‌ಎಲ್_ಸರ್ವರ್_ಸರ್ಟ್_ಫೈಲ್ ಎಂದಾಯಿತು, < ಬೇಡ. ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡಿದ ರಾತ್ರಿ ಡವ್‌ಕಾಟ್ ಏಳದಿದ್ದರೆ ಮೊದಲು ಇದನ್ನೇ ನೋಡಿ.

ಸಿಡಿಲು ಮೇ ತಿಂಗಳಲ್ಲಿ, ಪೆಟ್ಟು ಆಗಸ್ಟಿನಲ್ಲಿ

ಕರಾವಳಿಯಲ್ಲಿ ಸರ್ವರ್ ಇಟ್ಟವರಿಗೆ ಮಾತ್ರ ಹೇಳಬೇಕಾದದ್ದು ಇದು. ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನದ್ದು. ಸರ್ಟ್‌ಬಾಟ್ ಸಾಮಾನ್ಯವಾಗಿ ಕೊನೆಯ 30 ದಿನದಲ್ಲಿ ಹೊಸದಕ್ಕೆ ಪ್ರಯತ್ನಿಸುತ್ತದೆ. ಮೇ 10ಕ್ಕೆ ಹೊಸದು ಬಂತು ಎಂದಿಟ್ಟುಕೊಳ್ಳಿ. ಮೇ 20ರ ಸಂಜೆ ಮುಂಗಾರಿನ ಮುಂಚಿನ ಗುಡುಗಿಗೆ ರೂಟರ್ ಸುಟ್ಟಿತು. ಮರುದಿನ ಹೊಸ ರೂಟರ್ ಬಂತು, ಹಾಕಿದವರು 25, 465, 587, 993 ಪೋರ್ಟುಗಳನ್ನು ಸರ್ವರಿಗೆ ತಿರುಗಿಸಿದರು, ಮೇಲ್ ಹೋಗಿ ಬಂದದ್ದು ನೋಡಿ ಬಿಲ್ ಕೊಟ್ಟು ಹೋದರು. ಪೋರ್ಟ್ 80 ಯಾರಿಗೂ ನೆನಪಾಗಲಿಲ್ಲ. ಆ ಹೆಸರು ನಿಮ್ಮದೇ ಎಂದು ನೋಡಲು ಲೆಟ್ಸ್ ಎನ್‌ಕ್ರಿಪ್ಟ್ ಮಾಡುವ ಎಚ್‌ಟಿಟಿಪಿ ಪರೀಕ್ಷೆಗೆ ಅದೇ ಬೇಕು. ಜುಲೈ 9ರ ಹೊತ್ತಿಗೆ ಪ್ರಯತ್ನ ಶುರುವಾಗಿ ದಿನಾ ಸೋಲುತ್ತದೆ, ಆಗಸ್ಟ್ 8ಕ್ಕೆ ಸರ್ಟಿಫಿಕೇಟ್ ಸಾಯುತ್ತದೆ. ಆ ಹೊತ್ತಿಗೆ ಸಿಡಿಲಿನ ಕತೆ ಎಲ್ಲರಿಗೂ ಮರೆತಿರುತ್ತದೆ. ಅವಧಿ ಮುಗಿಯುವ ಮೊದಲು ಲೆಟ್ಸ್ ಎನ್‌ಕ್ರಿಪ್ಟ್ ಕಳಿಸುತ್ತಿದ್ದ ಎಚ್ಚರಿಕೆ ಮೇಲ್ ಕೂಡ 2025ರ ಜೂನ್‌ನಲ್ಲಿ ನಿಂತಿದೆ.

ರೂಟರ್ ಬದಲಾದ ದಿನವೇ ಸರ್ಟ್‌ಬಾಟ್ ರಿನ್ಯೂ -ಡ್ರೈ-ರನ್ ಓಡಿಸಿ (ಡ್ರೈ-ರನ್ ಮುಂದೆ ಎರಡು ಗೆರೆ). ಅದು ನಿಜವಾದ ಸರ್ಟಿಫಿಕೇಟ್ ಮುಟ್ಟದೆ ದಾರಿ ತೆರೆದಿದೆಯೇ ಎಂದು ಹೇಳುತ್ತದೆ. ಪೋರ್ಟ್ 80 ತೆರೆಯಲು ಮನಸ್ಸಿಲ್ಲದವರು ಡಿಎನ್‌ಎಸ್ ಪರೀಕ್ಷೆಗೆ ಹೋಗಬಹುದು.

ಇದರ ಅಣ್ಣತಮ್ಮ ಇನ್ನೊಂದು: ಹೊಸ ಸರ್ಟಿಫಿಕೇಟ್ ಡಿಸ್ಕಿನಲ್ಲಿ ಇದೆ, ಆದರೆ ಹೊರಗೆ ಹಳೆಯದೇ ಕಾಣುತ್ತದೆ. ಡವ್‌ಕಾಟ್ ಆರಂಭದಲ್ಲಿ ಓದಿದ್ದನ್ನೇ ಹಿಡಿದು ಕೂರುತ್ತದೆ. ಪೋಸ್ಟ್‌ಫಿಕ್ಸಿನ ಸಣ್ಣ ಪ್ರೊಸೆಸ್‌ಗಳು ಹುಟ್ಟಿ ಸಾಯುತ್ತಾ ಇರುವುದರಿಂದ ಅದು ಹೊಸದನ್ನು ತಾನಾಗಿ ಹಿಡಿಯುತ್ತದೆ. ಹಾಗಾಗಿ ಕಳಿಸುವುದು ಸರಿ, ಓದುವುದು ಮಾತ್ರ ಕೆಟ್ಟಿತು ಎಂದಾದರೆ ಡವ್‌ಕಾಟ್ ರೀಲೋಡ್ ಆಗಿಲ್ಲ ಎಂದೇ ಅರ್ಥ. ಸರ್ಟ್‌ಬಾಟ್‌ನ ರಿನ್ಯೂವಲ್-ಹುಕ್ಸ್ ಫೋಲ್ಡರಿನ ಒಳಗಿನ ಡಿಪ್ಲಾಯ್ ಫೋಲ್ಡರಿನಲ್ಲಿ ಎರಡೂ ಸೇವೆಗಳನ್ನು ರೀಲೋಡ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಇಡಿ, ಅದಕ್ಕೆ ಓಡುವ ಅನುಮತಿ ಕೊಡಿ. ಅನುಮತಿ ಕೊಡದ ಸ್ಕ್ರಿಪ್ಟ್ ಗೋಡೆಗೆ ಹಾಕಿದ ಕ್ಯಾಲೆಂಡರ್ ಹಾಗೆ, ತಾನಾಗಿ ಏನೂ ಮಾಡುವುದಿಲ್ಲ.

ಕರೆಂಟ್ ಹೋಗಿ ಬಂದ ಮೇಲೆ ಒಂದೇ ಕಂಪ್ಯೂಟರಿನಲ್ಲಿ ಸರ್ಟಿಫಿಕೇಟ್ ದೋಷ ಬಂದರೆ ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ವಾಚ್ ಅಂಗಡಿಯಲ್ಲಿ ಸಿಗುವ ಆ ಸೆಲ್ ಬದಲಿಸಿದರೆ ಆಯಿತು. ದಿನಾಂಕವೂ ಸರಿ ಇದ್ದರೆ ಆ ಕಂಪ್ಯೂಟರಿಗೆ ಬಂದ ಸರ್ಟಿಫಿಕೇಟ್ ಕೊಟ್ಟವರು ಯಾರು ಎಂದು ತೆರೆದು ನೋಡಿ. ಅಲ್ಲಿ ಆ್ಯಂಟಿವೈರಸ್ ಹೆಸರಿದ್ದರೆ ಅದು ನಡುವೆ ಕೂತು ಮೇಲ್ ಬಿಚ್ಚಿ ನೋಡುತ್ತಿದೆ. ಅದರ ಮೇಲ್ ಸ್ಕ್ಯಾನ್ ಆಫ್ ಮಾಡಿ.

ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ಕೊಂಡು ಕೈಯಾರೆ ಹಾಕುವವರು ಅಭ್ಯಾಸ ಬದಲಿಸಬೇಕಾಗುತ್ತದೆ. ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47 ದಿನ ಎಂದು ನಿಗದಿಯಾಗಿದೆ.

ಹಳೆಯ ಯಂತ್ರ, ಹೊಸ ಟಿಎಲ್‌ಎಸ್

ಟಿಎಲ್‌ಎಸ್ 1.0 ಮತ್ತು 1.1 ಬಳಕೆಗೆ ಬೇಡ ಎಂದು 2021ರ ಆರ್‌ಎಫ್‌ಸಿ 8996 ಹೇಳಿತು. ಸರ್ವರ್ ಅಪ್‌ಗ್ರೇಡ್ ಆದ ಮರುದಿನ ಜೆರಾಕ್ಸ್ ಯಂತ್ರದಿಂದ ಸ್ಕ್ಯಾನ್ ಮಾಡಿ ಮೇಲ್ ಕಳಿಸುವುದು ನಿಂತರೆ ಕಾರಣ ಇದೇ. ಲಾಗಿನಲ್ಲಿ "ಅನ್‌ಸಪೋರ್ಟೆಡ್ ಪ್ರೋಟೊಕಾಲ್" ಅಥವಾ "ನೋ ಶೇರ್ಡ್ ಸೈಫರ್" ಇರುತ್ತದೆ. ಎರಡನೆಯದಕ್ಕೆ ಇನ್ನೊಂದು ಕಾರಣವೂ ಇರಬಹುದು: ಸರ್ಟಿಫಿಕೇಟ್ ಆರ್‌ಎಸ್‌ಎಯಿಂದ ಇಸಿಡಿಎಸ್‌ಎಗೆ ಬದಲಾಗಿ, ಹಳೆಯ ಯಂತ್ರಕ್ಕೆ ಅದು ತಿಳಿಯುವುದಿಲ್ಲ. ಆಗ ಸರ್ಟ್‌ಬಾಟ್‌ಗೆ ಕೀ-ಟೈಪ್ ಆರ್‌ಎಸ್‌ಎ ಎಂದು ಹೇಳಿ ಹೊಸದು ತರಿಸಿ ನೋಡಿ.

ಒಂದು ಜೆರಾಕ್ಸ್ ಯಂತ್ರಕ್ಕಾಗಿ ಇಡೀ ಸರ್ವರಿನ ಭದ್ರತೆ ಇಳಿಸಬೇಡಿ. ಆಫೀಸಿನ ಒಳಗೇ ಒಂದು ಚಿಕ್ಕ ಪೋಸ್ಟ್‌ಫಿಕ್ಸ್ ಇಟ್ಟು, ಆ ಯಂತ್ರದ ಐಪಿ ಒಂದನ್ನೇ ಮೈನೆಟ್‌ವರ್ಕ್ಸ್‌ಗೆ (ಪಾಸ್‌ವರ್ಡ್ ಇಲ್ಲದೆ ಮೇಲ್ ಕಳಿಸಬಹುದಾದವರ ಪಟ್ಟಿ) ಸೇರಿಸಿ, ಅಲ್ಲಿಂದ ಮುಖ್ಯ ಸರ್ವರಿಗೆ ಟಿಎಲ್‌ಎಸ್ 1.2ರಲ್ಲಿ ಕಳಿಸಿ. ಸ್ಕ್ಯಾನಿನ ಮೇಲ್ ತೆರೆದ ರೂಪದಲ್ಲಿ ಹೋಗುವುದು ಟೇಬಲ್‌ನಿಂದ ಟೇಬಲ್‌ಗೆ ಮಾತ್ರ. ಮೈನೆಟ್‌ವರ್ಕ್ಸ್‌ಗೆ ಇಡೀ ಜಾಲವನ್ನು ಸೇರಿಸುವ ಸೋಮಾರಿತನ ಬೇಡ. ವೈರಸ್ ಹಿಡಿದ ಒಂದು ಲ್ಯಾಪ್‌ಟಾಪ್ ಸಾಕು, ನಿಮ್ಮ ಐಪಿ ಕಪ್ಪುಪಟ್ಟಿಗೆ ಹೋಗಲು.

ಹೊರಗಿನ ಸರ್ವರುಗಳ ಜೊತೆ

ಸರ್ವರಿನಿಂದ ಸರ್ವರಿಗೆ ಮೇಲ್ ಹೋಗುವ ಪೋರ್ಟ್ 25ರ ನ್ಯಾಯ ಬೇರೆ. ಇಲ್ಲಿ ಎಸ್‌ಎಮ್‌ಟಿಪಿಡಿ_ಟಿಎಲ್‌ಎಸ್_ಸೆಕ್ಯೂರಿಟಿ_ಲೆವೆಲ್ = ಮೇ (ಆದರೆ ಟಿಎಲ್‌ಎಸ್, ಇಲ್ಲದಿದ್ದರೆ ತೆರೆದ ಮಾತು) ಇರಲಿ, ಎನ್‌ಕ್ರಿಪ್ಟ್ ಅಲ್ಲ. ಎನ್‌ಕ್ರಿಪ್ಟ್ ಹಾಕಿದರೆ ಟಿಎಲ್‌ಎಸ್ ಬಾರದ ಸರ್ವರುಗಳ ಮೇಲ್ ನಿಲ್ಲುತ್ತದೆ. ಇಲ್ಲಿ 1.2ಕ್ಕಿಂತ ಕೆಳಗಿನದನ್ನು ತಡೆದರೆ ಆ ಹಳೆಯ ಸರ್ವರ್ ಬಹಳ ಸಲ ತೆರೆದ ರೂಪದಲ್ಲೇ ಕಳಿಸುತ್ತದೆ. ಹಳೆಯ ಬೀಗ ಬೇಡ ಎಂದು ಬಾಗಿಲನ್ನೇ ತೆರೆದಿಟ್ಟ ಹಾಗೆ. ಬಿಗಿ ಮಾಡಬೇಕಾದದ್ದು 465 ಮತ್ತು 587ಕ್ಕೆ ಅನ್ವಯಿಸುವ ಎಸ್‌ಎಮ್‌ಟಿಪಿಡಿ_ಟಿಎಲ್‌ಎಸ್_ಮ್ಯಾಂಡೇಟರಿ_ಪ್ರೋಟೊಕಾಲ್ಸ್ ಸಾಲನ್ನು.

ಒಂದು ಡಿ ಅಕ್ಷರದ ಬಗ್ಗೆ ಎಚ್ಚರ. ಎಸ್‌ಎಮ್‌ಟಿಪಿಡಿ ಎಂದು ಶುರುವಾಗುವ ಸಾಲು ಒಳಗೆ ಬರುವ ಸಂಪರ್ಕಕ್ಕೆ, ಎಸ್‌ಎಮ್‌ಟಿಪಿ ಎಂದು ಶುರುವಾಗುವುದು ಹೊರಗೆ ಹೋಗುವುದಕ್ಕೆ. ನೀವು ಕಳಿಸಿದ ಮೇಲ್ ಜೀಮೇಲ್‌ನಲ್ಲಿ ಕೆಂಪು ತೆರೆದ ಬೀಗದ ಜೊತೆ ಕಂಡರೆ ಡಿ ಇಲ್ಲದ ಸಾಲು ಹಾಕಿಲ್ಲ. ಎಸ್‌ಎಮ್‌ಟಿಪಿ_ಟಿಎಲ್‌ಎಸ್_ಸೆಕ್ಯೂರಿಟಿ_ಲೆವೆಲ್ = ಮೇ ಸೇರಿಸಿ. ಲಾಗಿನಲ್ಲಿ "ಅನ್‌ಟ್ರಸ್ಟೆಡ್ ಟಿಎಲ್‌ಎಸ್ ಕನೆಕ್ಷನ್" ಕಂಡು ಗಾಬರಿ ಬೇಡ. ಮಾತು ಗುಟ್ಟಾಗಿಯೇ ಹೋಗಿದೆ, ಎದುರಿನವರ ಗುರುತು ಮಾತ್ರ ಪರೀಕ್ಷೆ ಆಗಿಲ್ಲ.

25ರಲ್ಲಿ ಸ್ಟಾರ್ಟ್‌ಟಿಎಲ್‌ಎಸ್ ಇರಬೇಕಾದ ಕಡೆ ಎಕ್ಸ್ ಅಕ್ಷರಗಳ ಸಾಲು ಕಂಡರೆ ನಡುವಿನ ಫೈರ್‌ವಾಲ್ ಎಸ್‌ಎಮ್‌ಟಿಪಿ ತಪಾಸಣೆಯ ಹೆಸರಿನಲ್ಲಿ ಅದನ್ನು ಅಳಿಸುತ್ತಿದೆ. ಪೋಸ್ಟ್‌ಫಿಕ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ನಮಗೆ ಟಿಎಲ್‌ಎಸ್‌ನಲ್ಲೇ ಕಳಿಸಿ ಎಂದು ಬೇರೆ ಸರ್ವರುಗಳಿಗೆ ಸಾರುವ ಎಮ್‌ಟಿಎ-ಎಸ್‌ಟಿಎಸ್ ನೀತಿಯನ್ನು ಎನ್‌ಫೋರ್ಸ್ ಮಟ್ಟದಲ್ಲಿ ಇಟ್ಟವರಿಗೆ ಸಡಿಲಿಕೆ ಇಲ್ಲ. ಎಮ್‌ಎಕ್ಸ್ ಹೆಸರು (ಡಿಎನ್‌ಎಸ್‌ನಲ್ಲಿ ಬರೆದ ಮೇಲ್ ಸರ್ವರಿನ ಹೆಸರು) ಸರ್ಟಿಫಿಕೇಟ್‌ನಲ್ಲಿ ಇಲ್ಲದಿದ್ದರೆ ಅಥವಾ ಅವಧಿ ಮುಗಿದರೆ ಆ ನಿಯಮ ಪಾಲಿಸುವ ದೊಡ್ಡ ಸರ್ವರುಗಳು ಮೇಲ್ ಕೊಡುವುದಿಲ್ಲ. ಸರ್ವರಿನ ಹೆಸರು ಬದಲಿಸುವ ಮೊದಲು ಆ ನೀತಿ ಫೈಲನ್ನು ಟೆಸ್ಟಿಂಗ್‌ಗೆ ಇಳಿಸಿ, ಮ್ಯಾಕ್ಸ್_ಏಜ್ (ಬೇರೆ ಸರ್ವರುಗಳು ಆ ನೀತಿಯನ್ನು ನೆನಪಿಟ್ಟುಕೊಳ್ಳುವ ಅವಧಿ) ಮುಗಿಯುವಷ್ಟು ದಿನ ಕಾಯಿರಿ. ಕೀಯ ಗುರುತನ್ನು ಡಿಎನ್‌ಎಸ್‌ನಲ್ಲಿಡುವ ಡೇನ್ ಬಳಸಿ 3 1 1 ದಾಖಲೆ ಹಾಕಿದವರು ಸರ್ಟ್‌ಬಾಟ್‌ಗೆ ರೀಯೂಸ್-ಕೀ ಆಯ್ಕೆ ಕೊಡಿ. ಇಲ್ಲವಾದರೆ ಪ್ರತಿ ಸಲ ಕೀ ಬದಲಾಗಿ ಡಿಎನ್‌ಎಸ್‌ನಲ್ಲಿರುವ ದಾಖಲೆ ಸುಳ್ಳಾಗುತ್ತದೆ.

ತಿದ್ದಿದ ಮೇಲೆ

ಪೋಸ್ಟ್‌ಫಿಕ್ಸ್ ಚೆಕ್, ಪೋಸ್ಟ್‌ಕಾನ್ಫ್ -ಎನ್, ಡವ್‌ಕಾನ್ಫ್ -ಎನ್ ಓಡಿಸಿ. ನೀವು ಬರೆದದ್ದು ಬೇರೆ, ಸರ್ವರ್ ಓದಿದ್ದು ಬೇರೆ ಇರಬಹುದು. ಒಂದೇ ಸಾಲು ಎರಡು ಕಡೆ ಇದ್ದರೆ ಕೊನೆಯದೇ ಗೆಲ್ಲುತ್ತದೆ. ರೀಲೋಡ್ ಮಾಡಿ, ಹೊರಗಿನಿಂದ ಎಸ್_ಕ್ಲೈಂಟ್ ಮತ್ತೆ ಓಡಿಸಿ. ಒಮ್ಮೆ ವೈಫೈಯಲ್ಲಿ, ಒಮ್ಮೆ ಫೋನಿನ ಹಾಟ್‌ಸ್ಪಾಟ್‌ನಲ್ಲಿ.

ಆಮೇಲೆ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಲ್ಲಿ ಪ್ರತಿ ಸೋಮವಾರ ಒಂದು ಪರೀಕ್ಷೆ ಇಡಿ: ಎಸ್_ಕ್ಲೈಂಟ್ ಉತ್ತರವನ್ನು ಎಕ್ಸ್509 -ನೋಔಟ್ -ಚೆಕ್‌ಎಂಡ್ 1209600 ಆದೇಶಕ್ಕೆ ಕೊಡುವುದು. ಆ ಸಂಖ್ಯೆ 14 ದಿನದ ಸೆಕೆಂಡು. ಡಿಸ್ಕಿನ ಫೈಲ್ ಪರೀಕ್ಷಿಸಬೇಡಿ, 993 ಮತ್ತು 465 ಎರಡೂ ಪೋರ್ಟುಗಳನ್ನೇ ಪರೀಕ್ಷಿಸಿ. ಎಚ್ಚರಿಕೆ ಅದೇ ಸರ್ವರಿನ ಮೇಲ್ ವಿಳಾಸಕ್ಕೆ ಹೋಗದ ಹಾಗೆ ನೋಡಿಕೊಳ್ಳಿ, ಕೆಟ್ಟ ದಿನ ಅದೂ ತಲುಪುವುದಿಲ್ಲ.